ಮಾಸ್ಕ್ ಹಾಕಿದವರು ಒಂಟಿಯಾಗಬಾರದು

(ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಓದಿ ಚರ್ಚಿಸಲು)



ಮೆಕ್ಕೆಜೋಳದ ಒಕ್ಕಣೆ ಕಾಲದಲ್ಲಿ ಜಗಳೂರಿನ ಕಡೆ ಹೋದರೆ ಮಷಿನ್ ಹತ್ತಿರ ನಿಂತವರೆಲ್ಲ ಮೂಗು-ಬಾಯಿಗೆ ಟವೆಲ್ ಸುತ್ತಿಕೊಂಡಿರುತ್ತಾರೆ. ನಮ್ಮ ತ್ಯಾವಣಿಗೆ ಸುತ್ತಮುತ್ತ ಭತ್ತ ತೂರುವಾಗ ಹೆಣ್ಣುಮಕ್ಕಳು ಸೆರಗನ್ನು ಮೂಗಿಗೆ ಅಡ್ಡ ಕಟ್ಟುತ್ತಾರೆ. ಅದನ್ನು ನೋಡಿ ಯಾರೂ ನಗುವುದಿಲ್ಲ. "ಧೂಳು ಐತೆ, ಕಟ್ಕೊಂಡಿದಾರೆ" ಅಂತ ಸುಮ್ಮನಾಗುತ್ತೇವೆ. ಆದರೆ ಅದೇ ಹೆಣ್ಣುಮಗಳು ಮಾರನೆಯ ದಿನ ಮಾಸ್ಕ್ ಹಾಕಿಕೊಂಡು ದಾವಣಗೆರೆ ಬಸ್ಸು ಹತ್ತಿದರೆ ಮಾತು ಶುರುವಾಗುತ್ತದೆ. "ಏನಕ್ಕಾ, ಕೊರೊನಾ ಹೋಗಿ ಎಷ್ಟ್ ವರ್ಷ ಆತು, ಇನ್ನೂ ಬಾಯಿ ಕಟ್ಕೊಂಡಿದೀಯ?" ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಏನೂ ಕೇಳುವುದಿಲ್ಲ, ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಮೊದಲನೆಯದು ಗೇಲಿ, ಎರಡನೆಯದು ಭಯ. ಎರಡರ ಫಲವೂ ಒಂದೇ: ಆ ಹೆಣ್ಣುಮಗಳು ಮುಂದಿನ ಸಲ ಮಾಸ್ಕ್ ಬಿಡುತ್ತಾಳೆ, ಇಲ್ಲವೇ ಬಸ್ಸು ಹತ್ತುವುದನ್ನೇ ಬಿಡುತ್ತಾಳೆ.

ಈ ತಿಂಗಳ ಪಾಠ ಇದೇ ವಿಷಯದ ಮೇಲಿದೆ. ಮೂಗಿನ ಮೇಲಿನ ಒಂದು ತುಂಡು ಬಟ್ಟೆ ಮನುಷ್ಯರನ್ನು ಹೇಗೆ ದೂರ ಮಾಡಿತು, ಇವತ್ತೂ ಯಾರು ಅದನ್ನು ಧರಿಸಬೇಕಾಗಿದೆ, ಅವರು ಜನರ ಮಾತನ್ನು ಹೇಗೆ ಎದುರಿಸಬಹುದು, ನಾವು ಅವರ ಜೊತೆ ಹೇಗೆ ನಿಲ್ಲಬಹುದು ಎಂಬುದನ್ನು ನೋಡೋಣ.

1. ಮಾಸ್ಕ್ ನಮ್ಮೂರಿಗೆ ಬಂದ ಬಗೆ

ಕರ್ನಾಟಕದಲ್ಲಿ ಮೊದಲ ಕೋವಿಡ್ ಪ್ರಕರಣ ಪತ್ತೆಯಾದದ್ದು 2020ರ ಮಾರ್ಚ್ 9ರಂದು, ಬೆಂಗಳೂರಿನಲ್ಲಿ. ದೇಶದ ಮೊದಲ ಕೋವಿಡ್ ಸಾವು ನಮ್ಮದೇ ರಾಜ್ಯದ ಕಲಬುರಗಿಯ ಹಿರಿಯರೊಬ್ಬರದು ಎಂದು ಮಾರ್ಚ್ 12ರಂದು ಖಚಿತವಾಯಿತು. ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶವೆಲ್ಲ ಲಾಕ್‌ಡೌನ್.

ಆಗ ಮಾಸ್ಕ್ ವಿಷಯದಲ್ಲಿ ಸ್ಪಷ್ಟತೆ ಇರಲಿಲ್ಲ. ಕಾಯಿಲೆ ಇದ್ದವರು, ಅವರನ್ನು ನೋಡಿಕೊಳ್ಳುವವರು ಮಾತ್ರ ಹಾಕಿದರೆ ಸಾಕು ಎಂದು ಮೊದಲು ಹೇಳಿದರು. ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಹೊರಗೆ ಹೋಗುವ ಎಲ್ಲರೂ ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಹಾಕಿಕೊಳ್ಳಿ ಎಂದು ಸಲಹೆ ಕೊಟ್ಟಿತು. ಏಪ್ರಿಲ್ 15ರಂದು ಗೃಹ ಸಚಿವಾಲಯ ಸಾರ್ವಜನಿಕ ಸ್ಥಳಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯೂ ಜೂನ್ 5ರಂದು ತನ್ನ ಸಲಹೆಯನ್ನು ಬದಲಿಸಿತು. "ನಿನ್ನೆ ಬೇಡ ಅಂದ್ರು, ಇವತ್ತು ಬೇಕು ಅಂತಾರೆ" ಎಂದು ಜನ ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. ಕಾರಣ ಎರಡಿದ್ದವು. ಆಸ್ಪತ್ರೆಯವರಿಗೇ ಮಾಸ್ಕ್ ಸಾಲದ ಪರಿಸ್ಥಿತಿ ಇತ್ತು. ಜೊತೆಗೆ ಜ್ವರ, ಕೆಮ್ಮು ಏನೂ ಇಲ್ಲದವರಿಂದಲೂ ಈ ರೋಗ ಹರಡುತ್ತದೆ ಎಂಬುದು ತಜ್ಞರಿಗೆ ನಿಧಾನವಾಗಿ ತಿಳಿಯಿತು. ಹೊಸ ರೋಗ ಬಂದಾಗ ತಿಳಿವಳಿಕೆ ಬದಲಾಗುವುದು ಸಹಜ. ಆದರೆ ಯಾಕೆ ಬದಲಾಯಿತು ಎಂದು ಹಳ್ಳಿಯ ಜನಕ್ಕೆ ಕುಳಿತು ಹೇಳಿದವರು ಕಡಿಮೆ.

ಮಾಸ್ಕ್ ಹೊಲಿದವರು ಯಾರು? ಬಹುಪಾಲು ನಮ್ಮಂಥ ಸಂಘಗಳ ಹೆಣ್ಣುಮಕ್ಕಳೇ. ರಾಜ್ಯದ ಎಲ್ಲ ಕಡೆ ಸ್ವಸಹಾಯ ಸಂಘದವರು ಮನೆಯ ಹೊಲಿಗೆ ಯಂತ್ರದಲ್ಲಿ ಹತ್ತಿ ಬಟ್ಟೆಯ ಮಾಸ್ಕ್ ಹೊಲಿದು ಪಂಚಾಯಿತಿಗೆ, ಆಶಾ ಕಾರ್ಯಕರ್ತೆಯರಿಗೆ, ಕೂಲಿಯವರಿಗೆ ಕೊಟ್ಟರು. ಇದು ನಾವು ಹೆಮ್ಮೆ ಪಡಬೇಕಾದ ಮಾತು.

ಆಮೇಲೆ ದಂಡ ಬಂತು. 2020ರ ಅಕ್ಟೋಬರ್ ಆರಂಭದಲ್ಲಿ ರಾಜ್ಯ ಸರ್ಕಾರ ದಂಡವನ್ನು ನಗರದಲ್ಲಿ 1000, ಹಳ್ಳಿಯಲ್ಲಿ 500 ರೂಪಾಯಿಗೆ ಏರಿಸಿತು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ. ಅಂದರೆ ಒಮ್ಮೆ ಮಾಸ್ಕ್ ಮರೆತರೆ ಹೆಚ್ಚುಕಡಿಮೆ ಎರಡು ದಿನದ ದುಡಿಮೆ ಹೋಯಿತು. ಜನ ಸಿಟ್ಟಾದರು. ಒಂದೇ ವಾರದಲ್ಲಿ ದಂಡವನ್ನು 250 ಮತ್ತು 100 ರೂಪಾಯಿಗೆ ಇಳಿಸಿದರು. ಆದರೆ ಅಷ್ಟರಲ್ಲಿ ಮಾಸ್ಕ್ ಎಂದರೆ ಪೊಲೀಸರು, ರಸೀದಿ, ಬೈಗುಳ ಎಂಬ ಭಾವನೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಪೊಲೀಸರನ್ನು ಕಂಡಾಗ ಗದ್ದದಿಂದ ಮೂಗಿಗೆ ಏರುತ್ತಿದ್ದ ಮಾಸ್ಕ್, ಅವರು ಹೋದ ಮೇಲೆ ಮತ್ತೆ ಗದ್ದಕ್ಕೆ ಇಳಿಯುತ್ತಿತ್ತು. ಹೆದರಿಕೆಯಿಂದ ಹಾಕಿಕೊಂಡದ್ದು ಹೆದರಿಕೆ ಹೋದ ಕೂಡಲೇ ಹೋಗುತ್ತದೆ.

2. ಬಟ್ಟೆ ಗುರುತಾದದ್ದು ಹೇಗೆ?

2020ರ ಮಾರ್ಚ್-ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರಿಗೆ, ಮುಂಬಯಿಗೆ ದುಡಿಯಲು ಹೋದವರು ಊರಿಗೆ ಮರಳುತ್ತಿದ್ದಾರೆ ಎಂದು ತಿಳಿದು ಎಷ್ಟೋ ಹಳ್ಳಿಗಳಲ್ಲಿ ದಾರಿಗೆ ಮುಳ್ಳು, ಕಲ್ಲು ಅಡ್ಡ ಹಾಕಿದರು. ಮನೆಯಲ್ಲೇ ಪ್ರತ್ಯೇಕವಾಗಿ ಇರಬೇಕಾದವರ ಕೈಗೆ ಅಳಿಸದ ಶಾಯಿಯ ಮುದ್ರೆ ಒತ್ತಿದರು. ಬಾಗಿಲಿಗೆ ಚೀಟಿ ಅಂಟಿಸಿದರು. ಆರೋಗ್ಯ ಇಲಾಖೆಯ ದಿನದ ಪ್ರಕಟಣೆಯಲ್ಲಿ ರೋಗಿಯ ಹೆಸರು ಇರುತ್ತಿರಲಿಲ್ಲ, 'ಪಿ' ಅಕ್ಷರದ ಮುಂದೆ ಒಂದು ಸಂಖ್ಯೆ ಮಾತ್ರ. ಆದರೆ ವಯಸ್ಸು, ಗಂಡೋ ಹೆಣ್ಣೋ, ಯಾವ ಊರು ಎಂಬುದು ಇರುತ್ತಿತ್ತು. ಸಣ್ಣ ಊರಿನಲ್ಲಿ ಇಷ್ಟು ಸಾಕಲ್ಲ! ಸಂಜೆಯೊಳಗೆ ಮೊಬೈಲಿನಲ್ಲಿ ಹೆಸರು, ಮನೆ, ಕೆಲವೊಮ್ಮೆ ಫೋಟೊ ಸಮೇತ ಓಡಾಡುತ್ತಿತ್ತು.

ಮನೆಮನೆಗೆ ಹೋಗಿ ಜ್ವರ ಕೇಳುತ್ತಿದ್ದ ಆಶಾ ಕಾರ್ಯಕರ್ತೆಯರನ್ನೇ ಕೆಲವು ಕಡೆ ಬೈದು ಓಡಿಸಿದರು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಗುಂಪು ಎರಗಿದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಬೇರೆ ರಾಜ್ಯಗಳಲ್ಲೂ ಇಂಥವು ನಡೆದವು. ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದರೆ ಜಾಮೀನು ಸಿಗದ ಅಪರಾಧ ಎಂದು ಏಪ್ರಿಲ್ 22ರಂದು ಕೇಂದ್ರ ಸುಗ್ರೀವಾಜ್ಞೆ ತರಬೇಕಾಯಿತು. ಆ ವರ್ಷದ ಡಿಸೆಂಬರ್ 9ರಂದು ಸುಪ್ರೀಂ ಕೋರ್ಟ್, ಅಧಿಕಾರ ಇರುವವರ ನಿರ್ದಿಷ್ಟ ಆದೇಶವಿಲ್ಲದೆ ರೋಗಿಗಳ ಮನೆ ಬಾಗಿಲಿಗೆ ಚೀಟಿ ಅಂಟಿಸಬಾರದು ಎಂದಿತು. ಬಾಗಿಲಿನ ಚೀಟಿ ಕಿತ್ತದ್ದಾಯಿತು. ಮನಸ್ಸಿಗೆ ಅಂಟಿದ ಚೀಟಿ ಕೀಳುವುದು ನ್ಯಾಯಾಲಯದ ಕೈಯಲ್ಲಿಲ್ಲ.

ಆ ದಿನಗಳಲ್ಲಿ ಮಾಸ್ಕ್ ಹಾಕದವರನ್ನು "ಬುದ್ಧಿಗೇಡಿ" ಎಂದರು. ಎಲ್ಲರಿಗಿಂತ ಮೊದಲೇ ಹಾಕಿಕೊಂಡವರನ್ನು "ಇವ್ರಿಗೇ ಇರ್ಬೇಕು" ಎಂದರು. ಮೊದಲು ಧರಿಸಿದವರಿಗೂ ಸೋಲು, ಕಡೆಗೆ ತೆಗೆದವರಿಗೂ ಸೋಲು. 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಷ್ಟರಲ್ಲಿ ಕರ್ನಾಟಕದಲ್ಲಿ ಅಧಿಕೃತ ಲೆಕ್ಕದಲ್ಲೇ 40 ಸಾವಿರಕ್ಕೂ ಹೆಚ್ಚು ಜನ ತೀರಿಹೋಗಿದ್ದರು. ಅಷ್ಟು ಸಾವು ನೋಡಿದವರಿಗೆ ಆ ದಿನಗಳನ್ನು ಮರೆಯಬೇಕು ಅನ್ನಿಸುವುದು ಸಹಜ. ಮಾಸ್ಕ್ ಕಂಡಾಗ ಆ ದಿನಗಳೇ ನೆನಪಾಗುತ್ತವೆ. ಹಾಕಿದವರನ್ನು ಕಂಡು ಜನ ಸಿಡಿಮಿಡಿಗೊಳ್ಳಲು ಇದೂ ಒಂದು ಕಾರಣ. ಗೇಲಿಯ ಹಿಂದೆ ಎಷ್ಟೋ ಸಲ ಹಳೆಯ ಭಯ ಇರುತ್ತದೆ.

3. ಇವತ್ತು ಯಾರು ಹಾಕುತ್ತಾರೆ, ಯಾಕೆ?

"ಕಡ್ಡಾಯ ಇಲ್ಲದ ಮೇಲೆ ಯಾಕೆ?" ಎಂದು ಕೇಳುವವರಿಗೆ ಈ ಪಟ್ಟಿ ಓದಿ ಹೇಳಿ.

* ಕ್ಷಯರೋಗಕ್ಕೆ (ಟಿ.ಬಿ.) ಔಷಧಿ ಶುರು ಮಾಡಿದವರು. ಇವರು ಹಾಕುವುದು ನಮ್ಮನ್ನು ಕಾಪಾಡಲು. ಸರಿಯಾದ ಔಷಧಿ ತಪ್ಪದೆ ತೆಗೆದುಕೊಂಡರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಬಹಳ ಇಳಿಯುತ್ತದೆ. ಆದರೆ ಔಷಧಿ ಪೂರ್ತಿ ಮುಗಿಸಬೇಕು, ಸಾಮಾನ್ಯವಾಗಿ ಆರು ತಿಂಗಳು.

* ಕ್ಯಾನ್ಸರ್‌ಗೆ ಕಿಮೋಥೆರಪಿ ತೆಗೆದುಕೊಳ್ಳುವವರು. ಇವರ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ಕಣ ಕಡಿಮೆಯಾಗಿರುತ್ತದೆ. ನಮಗೆ ಬರೀ ನೆಗಡಿಯಾಗಿ ಹೋಗುವುದು ಇವರನ್ನು ಆಸ್ಪತ್ರೆಗೆ ಸೇರಿಸಬಹುದು.

* ಡಯಾಲಿಸಿಸ್ ಮಾಡಿಸುವವರು, ಕಿಡ್ನಿ ಕಸಿ ಆದವರು. ಕಸಿ ಆದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು.

* ದಮ್ಮು, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇರುವ ಹಿರಿಯರು. 2023ರ ಡಿಸೆಂಬರ್‌ನಲ್ಲಿ ಕೋವಿಡ್‌ನ ಹೊಸ ತಳಿ ಬಂದಾಗ 60 ದಾಟಿದವರು, ಇಂಥ ಕಾಯಿಲೆ ಇರುವವರು ಮಾಸ್ಕ್ ಹಾಕಬೇಕೆಂದು ನಮ್ಮ ರಾಜ್ಯ ಸರ್ಕಾರವೇ ಹೇಳಿತ್ತು.

* ಇವರನ್ನೆಲ್ಲ ಮನೆಯಲ್ಲಿ ನೋಡಿಕೊಳ್ಳುವ ಸೊಸೆ, ಮಗಳು, ಹೆಂಡತಿ. ತಾವು ಗಟ್ಟಿಯಾಗಿದ್ದರೂ ಸೋಂಕು ಮನೆಗೆ ತರಬಾರದೆಂದು ಹಾಕುತ್ತಾರೆ. ಇವರಿಗೆ ಸಿಗುವ ಗೇಲಿ ಎಲ್ಲರಿಗಿಂತ ಹೆಚ್ಚು. "ನಿಂಗೇನಾಗೈತೆ?" ಎಂದು ಎಲ್ಲರೂ ಕೇಳುತ್ತಾರೆ.

ಮಾಸ್ಕ್ ಮಂತ್ರದ ತಾಯತವೇನಲ್ಲ. ಹಾಕಿದವರಿಗೆ ಸೋಂಕು ಬರುವುದೇ ಇಲ್ಲ ಎಂದು ಯಾರೂ ಹೇಳಲಾರರು. ಕೆಮ್ಮಿದಾಗ, ಮಾತಾಡಿದಾಗ ಹಾರುವ ಹನಿಗಳನ್ನು ಅದು ತಡೆಯುತ್ತದೆ, ಒಳಗೆ ಎಳೆದುಕೊಳ್ಳುವ ಸೋಂಕನ್ನೂ ಸ್ವಲ್ಪಮಟ್ಟಿಗೆ ಕಡಿಮೆ ಮಾಡುತ್ತದೆ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಹೆಚ್ಚು ತಡೆಯುತ್ತದೆ, ಬಟ್ಟೆಯದು ಕಡಿಮೆ. ಬಯಲಿನಲ್ಲಿ ಅದರ ಅಗತ್ಯ ಕಡಿಮೆ. ಕಿಟಕಿ ಮುಚ್ಚಿದ ಬಸ್ಸು, ಆಸ್ಪತ್ರೆಯ ಸಾಲು, ಮದುವೆ ಛತ್ರದಲ್ಲಿ ಹೆಚ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಾವು ಹೆಣ್ಣುಮಕ್ಕಳು ಆಸ್ಪತ್ರೆಗೂ ಸಂತೆಗೂ ಬಸ್ಸಿನಲ್ಲಿ ಹೆಚ್ಚು ಓಡಾಡುತ್ತೇವೆ, ಅದು ಒಳ್ಳೆಯದೇ. ತುಂಬಿದ ಬಸ್ಸಿನಲ್ಲಿ ಕಿಮೋ ಮುಗಿಸಿ ಬರುವ ತಾಯಿಗೆ ಆ ಮಾಸ್ಕ್ ಬಿಟ್ಟರೆ ಬೇರೆ ಆಸರೆ ಇಲ್ಲ.

4. ಹತ್ತು ಜನರ ಎದುರು ಒಬ್ಬರು

ನಾಲ್ಕು ಜನ ನಗುತ್ತಾರೆ ಎಂದು ಬೇಕಾದ ಮಾಸ್ಕನ್ನೇ ಬಿಡುತ್ತಾರಾ, ಅಷ್ಟು ದುರ್ಬಲರಾ ಎಂದು ಕೆಲವರು ಕೇಳಬಹುದು. ಸಮಾಜಕಾರ್ಯ ಓದುವವರೆಲ್ಲ ಕಲಿಯುವ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ.

1950ರ ದಶಕದ ಆರಂಭದಲ್ಲಿ ಅಮೆರಿಕದ ಸೊಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಒಂದು ಗುಂಪನ್ನು ಕೂರಿಸಿ ಗೆರೆಗಳನ್ನು ತೋರಿಸಿದರು. ಈ ಗೆರೆಯಷ್ಟೇ ಉದ್ದ ಇರುವ ಗೆರೆ ಆ ಮೂರರಲ್ಲಿ ಯಾವುದು? ಚಿಕ್ಕ ಮಗುವೂ ಹೇಳುವಂಥ ಪ್ರಶ್ನೆ. ಆದರೆ ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡವರು, ಬೇಕೆಂತಲೇ ತಪ್ಪು ಉತ್ತರ ಹೇಳುವವರು. ಆ ಒಬ್ಬನ ಸರದಿ ಬಂದಾಗ ಏನಾಯಿತು? ಒಟ್ಟಾರೆ ಮೂರರಲ್ಲಿ ಒಂದು ಭಾಗದಷ್ಟು ಸಲ, ಕಣ್ಣಿಗೆ ಕಾಣುವುದನ್ನು ಬಿಟ್ಟು, ಗುಂಪಿನ ತಪ್ಪು ಉತ್ತರವನ್ನೇ ಹೇಳಿಬಿಟ್ಟರು. ಗೆರೆಯ ಉದ್ದಕ್ಕೇ ಹೀಗಾದರೆ, ಊರಿನ ಕಟ್ಟೆಯ ಮುಂದೆ ಹಾದುಹೋಗುವ ಒಂಟಿ ಹೆಣ್ಣಿನ ಪಾಡು ಹೇಗಿರಬೇಕು?

ಆದರೆ ನಾವು ನೆನಪಿಡಬೇಕಾದದ್ದು ಪ್ರಯೋಗದ ಎರಡನೆಯ ಭಾಗ. ಗುಂಪಿನಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಸರಿ ಉತ್ತರ ಹೇಳುವಂತೆ ಮಾಡಿದಾಗ ಗುಂಪಿಗೆ ಮಣಿಯುವುದು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಗುಂಪು ದೊಡ್ಡದೇ ಇತ್ತು, ತಪ್ಪು ಹೇಳುವವರೇ ಹೆಚ್ಚಾಗಿದ್ದರು. ಜೊತೆಗೆ ಒಬ್ಬ ಸಿಕ್ಕಿದ, ಅಷ್ಟೇ ವ್ಯತ್ಯಾಸ.

ಜನರ ಮಾತಿಗೆ ಮಣಿಯುವುದಕ್ಕೆ ಓದಿದವರು, ಓದದವರು ಎಂಬ ಭೇದವಿಲ್ಲ. 1910-11ರಲ್ಲಿ ಚೀನಾದ ಉತ್ತರ ಭಾಗದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಬಂದಾಗ ಡಾಕ್ಟರ್ ವು ಲಿಯೆನ್-ತೆ ಎಂಬುವರು, ಇದು ಉಸಿರಿನಿಂದ ಹರಡುತ್ತದೆ, ಹತ್ತಿ-ಬಟ್ಟೆಯ ಮಾಸ್ಕ್ ಕಟ್ಟಿಕೊಳ್ಳಿ ಎಂದರು. ಮೆಸ್ನಿ ಎಂಬ ಫ್ರೆಂಚ್ ವೈದ್ಯರು, ವಯಸ್ಸಿನಲ್ಲಿ ಅನುಭವದಲ್ಲಿ ಹಿರಿಯರು, ಅವರ ಮಾತನ್ನು ತಳ್ಳಿಹಾಕಿ ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ಅವರೇ ಪ್ಲೇಗಿನಿಂದ ತೀರಿಕೊಂಡರು. ಆಮೇಲೆ ಅಲ್ಲಿನ ಜನ ಮಾಸ್ಕ್ ಕಟ್ಟಲು ಮುಗಿಬಿದ್ದರು. ನಾವು ಹಾಗೆ ಒಂದು ಸಾವಿನಿಂದ ಕಲಿಯುವುದು ಬೇಡ.

5. ಒಂಟಿತನ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ

ಒಬ್ಬರು ಒಂದೇ ದಿನದಲ್ಲಿ ಒಂಟಿಯಾಗುವುದಿಲ್ಲ. ಮೊದಲು ಮದುವೆ, ಜಾತ್ರೆ ಬಿಡುತ್ತಾರೆ. "ಯಾಕೆ ಸುಮ್ನೆ ಮಾತು ಕೇಳಿಸ್ಕೊಳ್ಳೋದು?" ಆಮೇಲೆ ಸಂತೆಗೆ ಮಗನನ್ನು ಕಳಿಸುತ್ತಾರೆ. ಸಂಘದ ಸಭೆಗೆ "ಮೈಯಾಗೆ ಹುಷಾರಿಲ್ಲ" ಎಂದು ಪಾಸ್‌ಬುಕ್ಕು, ಉಳಿತಾಯದ ಹಣ ಬೇರೆಯವರ ಕೈಲಿ ಕೊಟ್ಟು ಕಳಿಸುತ್ತಾರೆ. ಬಾಗಿಲಿಗೆ ಬಂದು ಮಾತಾಡುವವರು ಕಡಿಮೆಯಾಗುತ್ತಾರೆ. ಕೊನೆಗೆ ಆಸ್ಪತ್ರೆಗೆ ಹೋಗುವುದನ್ನೂ ಮುಂದೂಡುತ್ತಾರೆ. ಟಿ.ಬಿ. ಮಾತ್ರೆ ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಟಿ.ಬಿ. ಆಗಬಹುದು. ಡಯಾಲಿಸಿಸ್ ತಪ್ಪಿಸಿದರೆ ಜೀವಕ್ಕೇ ಅಪಾಯ. ಕಟ್ಟೆಯ ಮೇಲಿನ ಒಂದು ನಗು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

ಮನಸ್ಸಿನ ಮೇಲೂ ಪೆಟ್ಟು ಬೀಳುತ್ತದೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರ ಜೊತೆಯೂ ಮಾತು ಬೇಡ ಅನ್ನಿಸುವುದು, ಸುಮ್ಮನೆ ಕಣ್ಣೀರು ಬರುವುದು, "ನಾನು ಎಲ್ಲರಿಗೂ ಭಾರ" ಎಂಬ ಮಾತು. ಇವು ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಅದನ್ನು ಬರೀ ಬೇಜಾರು ಎಂದು ಬಿಡಬಾರದು.

6. ಮಾಸ್ಕ್ ಹಾಕುವವರಿಗೆ ಕೆಲವು ಮಾತು

ಊರ ಬಾಯಿ ಮುಚ್ಚಿಸಲು ಆಗುವುದಿಲ್ಲ ನಿಜ. ಆದರೆ ಅದಕ್ಕೆ ಹೇಗೆ ಉತ್ತರ ಕೊಡಬೇಕು, ಎಲ್ಲಿ ಕಿವಿ ಕೊಡಬಾರದು ಎಂಬುದು ನಮ್ಮ ಕೈಲಿದೆ.

ಒಂದು, ಚಿಕ್ಕ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. "ಡಾಕ್ಟ್ರು ಹೇಳಿದಾರೆ ಅಜ್ಜ, ಅದಕ್ಕೇ ಹಾಕ್ಕೊಂಡಿದೀನಿ" ಎನ್ನಿ, ತಕ್ಷಣ ಮಾತು ತಿರುಗಿಸಿ: "ನಿಮ್ಮ ತೋಟದ ಅಡಿಕೆ ಕೊಯ್ಲು ಎಲ್ಲಿಗೆ ಬಂತು?" ಹೆಚ್ಚಿನವರು ಕೇಳುವುದು ಮಾತಿಗಾಗಿ. ಬೇರೆ ಮಾತು ಸಿಕ್ಕರೆ ಮಾಸ್ಕ್ ಮರೆಯುತ್ತಾರೆ. ಮನೆಯಲ್ಲಿ ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಂಡರೆ ಬಸ್ಸಿನಲ್ಲಿ ನಾಲಿಗೆ ತಡವರಿಸುವುದಿಲ್ಲ.

ಎರಡು, ಕಾಯಿಲೆಯ ಹೆಸರು ಹೇಳಲೇಬೇಕೆಂಬ ಕಾನೂನಿಲ್ಲ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ನಿಮ್ಮ ಇಷ್ಟ. ಆದರೆ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡರೆ ಭಾರವಾಗುತ್ತದೆ. ನಂಬುವ ಒಬ್ಬರಿಗಾದರೂ ಹೇಳಿ.

ಮೂರು, ಎಲ್ಲಿ ಬೇಕು, ಎಲ್ಲಿ ಬೇಡ ಎಂದು ನಿಮ್ಮ ಡಾಕ್ಟರನ್ನು ಸ್ಪಷ್ಟವಾಗಿ ಕೇಳಿ. ಬಯಲಿನಲ್ಲಿ, ತೋಟದಲ್ಲಿ, ಜಗಲಿಯಲ್ಲಿ ಅಂತರ ಬಿಟ್ಟು ಕುಳಿತರೆ ತೆಗೆಯಬಹುದು ಎಂದು ಅವರು ಹೇಳಿದರೆ, ಗೆಳತಿಯರನ್ನು ಅಲ್ಲಿಗೇ ಕರೆಯಿರಿ. ಒಳಗಿನ ಕೂಟ ತಪ್ಪಿದರೆ ಹೊರಗಿನ ಕೂಟ ಇರಲಿ. ಜನರನ್ನೇ ಬಿಡಬೇಡಿ.

ನಾಲ್ಕು, ಮಾಸ್ಕ್ ನಮ್ಮ ನಗುವನ್ನು ಮುಚ್ಚುತ್ತದೆ. ನೋಡಿದವರಿಗೆ ಇವರು ಬಿಗಿದುಕೊಂಡಿದ್ದಾರೆ ಅನ್ನಿಸಬಹುದು. ಆದ್ದರಿಂದ ನೀವೇ ಮೊದಲು ಕೈ ಮುಗಿಯಿರಿ, ಹೆಸರು ಹಿಡಿದು ಕರೆಯಿರಿ, ಸ್ವಲ್ಪ ಗಟ್ಟಿಯಾಗಿ ಮಾತಾಡಿ.

ಐದು, ಒದ್ದೆಯಾದ, ಕೊಳೆಯಾದ ಮಾಸ್ಕ್ ಬದಲಿಸಿ. ಬಟ್ಟೆಯದನ್ನು ದಿನಾ ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಿ. ಗದ್ದದ ಮೇಲೆ ಇಳಿಬಿಟ್ಟ ಮಾಸ್ಕ್ ಯಾರನ್ನೂ ಕಾಪಾಡುವುದಿಲ್ಲ, ಆಡಿಕೊಳ್ಳುವವರಿಗೆ ಮಾತು ಮಾತ್ರ ಕೊಡುತ್ತದೆ.

7. ಮನೆಯವರು ಮಾಡಬೇಕಾದದ್ದು

ಹೊರಗಿನವರ ಮಾತಿಗಿಂತ ಮನೆಯವರ ಮಾತು ಆಳಕ್ಕೆ ಇಳಿಯುತ್ತದೆ. "ನಿನ್ನಿಂದ ನಮಗೂ ನಾಚಿಕೆ" ಎಂದು ಒಮ್ಮೆ ಅಂದರೆ ಸಾಕು, ಆ ಜೀವ ಕುಗ್ಗಿಹೋಗುತ್ತದೆ. ಟಿ.ಬಿ. ಗಾಳಿಯಿಂದ ಹರಡುತ್ತದೆ, ತಟ್ಟೆ-ಲೋಟದಿಂದ ಹರಡುವುದಿಲ್ಲ. ತಟ್ಟೆ ಬೇರೆ ಇಟ್ಟು ಮನಸ್ಸು ನೋಯಿಸುವ ಬದಲು ಕಿಟಕಿ ತೆರೆದಿಡಿ. ಆಸ್ಪತ್ರೆಗೆ ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗುವವರೂ ಆ ದಿನ ಮಾಸ್ಕ್ ಹಾಕಿಕೊಳ್ಳಲಿ. ಇಬ್ಬರು ಹಾಕಿದ್ದರೆ "ಯಾರಿಗೆ ಕಾಯಿಲೆ?" ಎಂಬ ಪ್ರಶ್ನೆಯೇ ಮಂಕಾಗುತ್ತದೆ.

ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಚಿಕಿತ್ಸೆಯ ನಂತರ ಮಾಸ್ಕ್ ಹಾಕಿ ಶಾಲೆಗೆ ಹೋಗುವ ಮಗುವನ್ನು ಬೇರೆ ಮಕ್ಕಳು ಅಡ್ಡಹೆಸರಿನಿಂದ ಕರೆಯಬಹುದು. ಹೆತ್ತವರು ಮೊದಲೇ ಟೀಚರನ್ನು ಕಂಡು, ತರಗತಿಯಲ್ಲಿ ಎಷ್ಟು ಹೇಳಬೇಕೆಂದು ಮಾತಾಡಿಕೊಳ್ಳಲಿ. "ಇವನಿಗೆ ನೆಗಡಿ ತಗುಲಬಾರದು, ನಾವೆಲ್ಲ ಸೇರಿ ನೋಡ್ಕೊಳ್ಳೋಣ" ಎಂದು ಟೀಚರ್ ಒಂದು ಮಾತು ಹೇಳಿದರೆ ಗೇಲಿ ಮಾಡುತ್ತಿದ್ದವರೇ ಕಾವಲುಗಾರರಾಗುತ್ತಾರೆ.

8. ಸಂಘ ಮಾಡಬಹುದಾದದ್ದು

ಪ್ರಯೋಗದ ಆ ಎರಡನೆಯ ವ್ಯಕ್ತಿ ಯಾರಾಗಬೇಕು? ನಾವೇ.

* ಮಾಸ್ಕ್ ಹಾಕಿದ ಸದಸ್ಯೆ ಸಭೆಗೆ ಬಂದಾಗ ಒಬ್ಬರು ಎದ್ದು ಹೋಗಿ ಪಕ್ಕದಲ್ಲಿ ಕೂರಲಿ. ಭಾಷಣ ಬೇಡ, ಕೂತರೆ ಸಾಕು.

* ಗೇಲಿ ನಿಲ್ಲಿಸಲು ಜಗಳ ಬೇಕಿಲ್ಲ. ಯಾರಾದರೂ ಹಾಸ್ಯ ಮಾಡಿದಾಗ ನಗದೆ ಇದ್ದು, "ಬಿಡು ತಾಯಿ, ಅವಳಿಗೆ ಬೇಕಾಗೈತೆ, ಹಾಕ್ಕೊಂಡಿದಾಳೆ" ಎಂದು ಒಬ್ಬರು ಹೇಳಿದರೆ ಸಾಕು. ಜೊತೆ ನಗುವವರಿಲ್ಲದೆ ಗೇಲಿ ಬಹಳ ಹೊತ್ತು ನಡೆಯುವುದಿಲ್ಲ.

* ಕೆಮ್ಮು-ನೆಗಡಿ ಯಾರಿಗೇ ಇರಲಿ, ಸಭೆಗೆ ಮಾಸ್ಕ್ ಹಾಕಿ ಬರುವುದನ್ನು ಎಲ್ಲರ ನಿಯಮ ಮಾಡಿ. ಸಂಘದ ಪೆಟ್ಟಿಗೆಯಲ್ಲಿ ಹತ್ತು ಮಾಸ್ಕ್ ಇರಲಿ. ಅಧ್ಯಕ್ಷೆಯೂ ನೆಗಡಿಯಾದಾಗ ಹಾಕಿದರೆ, ಅದು ಒಬ್ಬರ ಕಾಯಿಲೆಯ ಗುರುತಾಗಿ ಉಳಿಯುವುದಿಲ್ಲ, ಎಲ್ಲರ ರೂಢಿಯಾಗುತ್ತದೆ.

* ಸಭೆಯನ್ನು ಸಾಧ್ಯವಾದಷ್ಟು ಜಗಲಿಯಲ್ಲಿ, ಮರದ ಕೆಳಗೆ, ಗಾಳಿ ಆಡುವ ಕಡೆ ನಡೆಸಿ.

* ಹಲವು ಸಂಘಗಳಲ್ಲಿ ಸಭೆಗೆ ಬರದವರಿಗೆ ದಂಡ ಹಾಕುವ ಪದ್ಧತಿ ಇದೆ. ಕಾಯಿಲೆಯಿಂದ ಬರಲಾಗದವರಿಗೆ ದಂಡ ಬಿಡಿ. ಸತತ ಎರಡು ಸಭೆ ತಪ್ಪಿದರೆ ಇಬ್ಬರು ಅವರ ಮನೆಗೆ ಹೋಗಿ ಬನ್ನಿ. ಸಾಲದ ಕಂತು ಕೇಳುವುದಕ್ಕೆ ಅಂತ ಹೋಗಬೇಡಿ, ಮಾತಾಡಿಸುವುದಕ್ಕೆ ಹೋಗಿ.

* ಒಬ್ಬರ ಕಾಯಿಲೆಯ ವಿಷಯ ಸಭೆಯಲ್ಲಿ ಬಂದರೆ ಅದು ಅಲ್ಲೇ ಉಳಿಯಲಿ. ವಾಟ್ಸಾಪಿನಲ್ಲಿ ಹಾಕಬೇಡಿ.

9. ಹಾಕದವರನ್ನೂ ದೂರಬೇಡಿ

ಹಾಕಿದವರ ಪರ ಮಾತಾಡುವ ಭರದಲ್ಲಿ ಹಾಕದವರನ್ನು ಬೈಯುವುದೂ ತಪ್ಪು. ಕೆಲವರಿಗೆ ಹಾಕಲು ಆಗುವುದೇ ಇಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಹಾಕಬಾರದು. ಉಸಿರಾಟದ ತೀವ್ರ ತೊಂದರೆ ಇರುವವರಿಗೆ, ತಾವಾಗಿ ತೆಗೆಯಲು ಬಾರದವರಿಗೆ ಕಷ್ಟ. ಕಿವಿ ಕೇಳದವರ ಪಾಡು ಇನ್ನೊಂದು ಬಗೆಯದು. ಅವರಲ್ಲಿ ಅನೇಕರು ತುಟಿಯ ಚಲನೆ ನೋಡಿ ಮಾತು ತಿಳಿಯುತ್ತಾರೆ. ಎಲ್ಲರೂ ಮುಖ ಮುಚ್ಚಿದ್ದ ಕೋವಿಡ್ ಕಾಲದಲ್ಲಿ ಅವರಿಗೆ ಊರೇ ಮೌನವಾದಂತಾಗಿತ್ತು. ಅವರ ಜೊತೆ ಮಾತಾಡುವಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ಮಾಸ್ಕ್ ಇಳಿಸಿ, ಅದು ಆಗದಿದ್ದರೆ ಸನ್ನೆ ಮಾಡಿ, ಬರೆದು ತೋರಿಸಿ.

ಹಾಕುವವರಿಗೆ ಹಾಕುವ ಸ್ವಾತಂತ್ರ್ಯ ಇರಲಿ. ಹಾಕದವರಿಂದ ನಾವು ಕೇಳುವುದು ಎರಡೇ: ಕೆಮ್ಮುವಾಗ ಬಾಯಿಗೆ ಅಡ್ಡ ಹಿಡಿಯಿರಿ, ಇನ್ನೊಬ್ಬರ ಮುಖದ ಬಟ್ಟೆಯ ಮೇಲೆ ಮಾತಾಡಬೇಡಿ.

10. ಸಹಾಯ ಎಲ್ಲಿ ಸಿಗುತ್ತದೆ?

ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ ಸಹಾಯವಾಣಿ 14416. ಇದು 2022ರ ಅಕ್ಟೋಬರ್ 10ರಂದು ಶುರುವಾಯಿತು. ಕರೆಗೆ ಹಣವಿಲ್ಲ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರಿಗೆ 14567. ಟಿ.ಬಿ. ಕುರಿತು ವಿಚಾರಿಸಲು 1800-11-6666. ಟಿ.ಬಿ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ತಿಂಗಳ ಸಹಾಯಧನವನ್ನು 2024ರ ನವೆಂಬರ್ 1ರಿಂದ 500 ರೂಪಾಯಿಯಿಂದ 1000 ರೂಪಾಯಿಗೆ ಹೆಚ್ಚಿಸಲಾಗಿದೆ. ಬ್ಯಾಂಕ್ ಖಾತೆಗೇ ಬರುತ್ತದೆ. ಬಾರದಿದ್ದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

"ಬದುಕಿ ಏನು ಪ್ರಯೋಜನ?" ಎಂಬ ಮಾತು ಯಾರ ಬಾಯಲ್ಲಿ ಬಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಬ್ಬರೇ ಬಿಡದೆ, ಆ ಕ್ಷಣವೇ 14416ಕ್ಕೆ ಕರೆ ಮಾಡಿ, ಇಲ್ಲವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಭೆಯಲ್ಲಿ ಚರ್ಚಿಸಲು

1. 2020-21ರಲ್ಲಿ ನಮ್ಮ ಊರಿನಲ್ಲಿ ಯಾರನ್ನು ನಾವು ದೂರ ಇಟ್ಟೆವು? ಅವರ ಜೊತೆ ಆಮೇಲೆ ಆ ಬಗ್ಗೆ ಮಾತಾಡಿದ್ದೇವೆಯೇ?

2. ಧೂಳಿಗೆ ಟವೆಲ್ ಕಟ್ಟಿದವರನ್ನು ನೋಡಿ ಬಾರದ ನಗು ಮಾಸ್ಕ್ ನೋಡಿದಾಗ ಯಾಕೆ ಬರುತ್ತದೆ?

3. ಇತ್ತೀಚೆಗೆ ಸಭೆಗೆ ಬರುವುದನ್ನು ನಿಲ್ಲಿಸಿದವರು ಯಾರು? ಕಾರಣ ನಮಗೆ ಗೊತ್ತೇ?

4. ಇಬ್ಬಿಬ್ಬರಾಗಿ ಕುಳಿತು ಅಭ್ಯಾಸ ಮಾಡಿ: ಒಬ್ಬರು ಗೇಲಿ ಮಾಡಲಿ, ಇನ್ನೊಬ್ಬರು ಚಿಕ್ಕ ಉತ್ತರ ಕೊಟ್ಟು ಮಾತು ತಿರುಗಿಸಲಿ. ಆಮೇಲೆ ಮೂರನೆಯವರೊಬ್ಬರು ಪಕ್ಕಕ್ಕೆ ಬಂದು ನಿಲ್ಲಲಿ. ಆಗ ಹೇಗನ್ನಿಸಿತು ಎಂದು ಹೇಳಿ.

ಈ ತಿಂಗಳ ಕೆಲಸ

ನಿಮ್ಮ ಬೀದಿಯಲ್ಲಿ ಮಾಸ್ಕ್ ಹಾಕುವ ಕಾರಣಕ್ಕೆ, ಇಲ್ಲವೇ ಕಾಯಿಲೆಯ ಕಾರಣಕ್ಕೆ ಮನೆಯಲ್ಲೇ ಉಳಿದ ಒಬ್ಬರನ್ನು ಗುರುತಿಸಿ. ಈ ವಾರ ಅವರ ಜಗಲಿಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಮುಂದಿನ ಸಭೆಗೆ ಬರುವಾಗ ಅವರನ್ನು ಜೊತೆಗೆ ಕರೆದುಕೊಂಡು ಬನ್ನಿ.